ಬೆಕ್ಕಿಲ್ಲದಿದ್ದರೆ ಇಲಿಯೂ ಇಲ್ಲ

ಜೀವಂತ ಇಲಿ ಹಿಡಿಯುವುದಕ್ಕೆ ಅಕ್ಕಿ ಅಳೆಯುವ ಸೇರಿಗಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಪೊರಕೆ ಹಿಡಿದು ಮನೆ ತುಂಬ ಕುಣಿಯುವವರನ್ನು ನೋಡಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅಟ್ಟಿಸಿಕೊಂಡು ಹೋದರೆ ಅದು ಓಡದೆ ಇನ್ನೇನು ಮಾಡೀತು? ಸುಮ್ಮನೆ ಕೂತಿರಬೇಕು. ಇಲಿ ಗೋಡೆಯಂಚು ಹಿಡಿದೇ ಹೋಗುತ್ತದೆ, ಮೂಲೆ ಸಿಕ್ಕಿದಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಆಗ ಸೇರನ್ನು ಬೋರಲು ಹಾಕಬೇಕು. ಆಮೇಲೆ ಅಡಿಯಿಂದ ಒಂದು ದಪ್ಪ ರಟ್ಟನ್ನು ಮೆಲ್ಲಗೆ ತೂರಿಸಬೇಕು. ಬಾಲ ಸಿಕ್ಕಿಕೊಂಡರೆ ಸೇರನ್ನು ಒಂಚೂರು ಎತ್ತಿ, ಅದು ಬಾಲ ಒಳಗೆಳೆದುಕೊಳ್ಳುವ ತನಕ ಕಾಯಬೇಕು. ಅಷ್ಟೇ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ನನ್ನ ಬೆಕ್ಕಿನ ದೆಸೆಯಿಂದ ನಾನೇ ಕಲಿತದ್ದು.

ನಾನು ತೀರ್ಥಹಳ್ಳಿ ಕಡೆಯವಳು. ಅರವತ್ತರ ದಶಕ ಮುಗಿಯುತ್ತ ಬಂದಿದ್ದಾಗ ಸಾಗರದ ಪೇಟೆಯಲ್ಲಿ ಗಣಪತಿ ಮಾಡುವವರ ಮನೆಗೆ ಸೊಸೆಯಾಗಿ ಬಂದೆ. ವರ್ಷದ ಹೆಚ್ಚಿನ ದಿನ ನನ್ನ ಮಾವ ಗಂಧದ ಮರದಲ್ಲಿ ಪೆಟ್ಟಿಗೆ, ಹಾರ, ಬೀಸಣಿಗೆ ಅಂತ ಕೆತ್ತುತ್ತಿದ್ದರು. ಚೌತಿ ಹತ್ತಿರ ಬಂತೆಂದರೆ ಉಳಿ ಒಳಗೆ, ಮಣ್ಣು ಹೊರಗೆ. ಬೀದಿಗೆ ತೆರೆದ ನಮ್ಮ ಮುಂದಿನ ಪಡಸಾಲೆ ಪೂರ್ತಿ ಗಣಪತಿಗಳಿಂದ ತುಂಬಿ, ಮನೆಯವರು ಗೋಡೆಗೆ ಬೆನ್ನು ಸವರಿಕೊಂಡು ಓಡಾಡಬೇಕಿತ್ತು. ನನ್ನ ಗಂಡ ಕಾರ್ಗಲ್ಲಿನಲ್ಲಿ ಅಣೆಕಟ್ಟಿನ ಪ್ರಾಜೆಕ್ಟಿನ ಬಡಗಿ. ಭಾನುವಾರ ಬರುವುದು, ಬಟ್ಟೆ ಒಗೆಸಿಕೊಂಡು ಹೋಗುವುದು. ಹಾಗಾಗಿ ಮನೆಯಲ್ಲಿ ನಿಜವಾಗಿ ಇದ್ದವರು ಮೂವರು: ಮಾವ, ಅತ್ತೆ, ನಾನು. ಮಾತಾಡುತ್ತಿದ್ದವರು ಒಬ್ಬರೇ, ಮಾವ.

ಮದುವೆಯಾದ ಮೊದಲ ಆಷಾಢಕ್ಕೆ ತವರಿಗೆ ಹೋದವಳು ತಿರುಗಿ ಬರುವಾಗ ಬೆತ್ತದ ಬುಟ್ಟಿಯೊಂದರಲ್ಲಿ ಬೆಕ್ಕಿನ ಮರಿ ಹಾಕಿಕೊಂಡು ಬಂದೆ. ಬೂದು ಮೈ, ಕಪ್ಪು ಪಟ್ಟೆ, ಮುಷ್ಟಿಯಷ್ಟು ಗಾತ್ರ. ಹೊಸನಗರದ ತನಕ ಉಸಿರೆತ್ತದೆ ಕೂತಿದ್ದದ್ದು, ಅಲ್ಲಿ ಬಸ್ಸು ನಿಂತ ಕೂಡಲೇ ಶುರು ಮಾಡಿತು.

"ಬುಟ್ಟೀಲಿ ಎಂತದಮ್ಮ?" ಅಂದ ಕಂಡಕ್ಟರ್.

"ಬೆಲ್ಲ" ಅಂದೆ.

"ಬೆಲ್ಲ ಕೂಗ್ತದಾ?"

"ನಮ್ಮ ಕಡೆ ಬೆಲ್ಲ ಹಂಗೇ" ಅಂದೆ. ಬಸ್ಸಿನವರೆಲ್ಲ ನಕ್ಕರು, ಅವನೂ ನಕ್ಕು ಮುಂದಕ್ಕೆ ಹೋದ. ಮನೆಗೆ ಬಂದಾಗ ಅತ್ತೆ ಬುಟ್ಟಿಗೆ ಬಗ್ಗಿ ನೋಡಿ, "ಸೀರೆ ತರ್ತಾಳೆ ಅಂದ್ರೆ ಇದನ್ನ ತಂದಿದ್ದಾಳೆ ನೋಡಿ ಇವಳು" ಅಂದರು. ಮಾವನಿಗೆ ಮಾತ್ರ ಬೆಕ್ಕು ಬೇಕಿತ್ತು. ಬಣ್ಣಕ್ಕೆ ಕಲಸುವ ಹುಣಸೆಬೀಜದ ಅಂಟೆಂದರೆ ಅಟ್ಟದ ಇಲಿಗಳಿಗೆ ಪ್ರಾಣ. ರಾತ್ರಿ ಬೆಳಗಾಗುವುದರೊಳಗೆ ಕರಟದ ತಳ ನೆಕ್ಕಿ ಇಡುತ್ತಿದ್ದವು.

ಆದರೆ ಆ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಗಣಪತಿಗೆಂದು ಕೆರೆಯ ಜೇಡಿಮಣ್ಣು ಮನೆಯೊಳಗೆ ಬಂದ ದಿನದಿಂದ ಚೌತಿ ಮುಗಿಯುವ ತನಕ ಯಾರೂ ಇಲಿ ಕೊಲ್ಲುವಂತಿಲ್ಲ. ದೇವರ ವಾಹನವಲ್ಲವಾ! ಬೋನು ಅಟ್ಟ ಸೇರುತ್ತಿತ್ತು. ಪಾಷಾಣದ ಹೆಸರೂ ಎತ್ತುವಂತಿರಲಿಲ್ಲ. ವರ್ಷದಲ್ಲಿ ಅಂಟು, ಹಿಟ್ಟು, ಹುಲ್ಲು ಎಲ್ಲ ಒಟ್ಟಿಗೆ ಮನೆಯಲ್ಲಿ ಬಿದ್ದಿರುವ ಕಾಲ ಅದೊಂದೇ, ಇಲಿಗಳಿಗೆ ಪರವಾನಗಿ ಕೊಡುವುದೂ ಆಗಲೇ. ಇದೆಂಥ ಲೆಕ್ಕ ಅಂತ ಮೊದಲ ವರ್ಷವೇ ನನ್ನ ಬಾಯಿ ತುದಿಗೆ ಬಂದಿತ್ತು. ಹೊಸ ಸೊಸೆ ಅಂತ ನುಂಗಿಕೊಂಡೆ.

ಮೊದಲ ವರ್ಷ ಮರಿ ಇನ್ನೂ ತನ್ನ ಬಾಲವನ್ನೇ ಹಿಡಿಯುತ್ತಿತ್ತು, ತೊಂದರೆಯಾಗಲಿಲ್ಲ. ಮರುವರ್ಷ ಮಣ್ಣು ಬರುವ ಹೊತ್ತಿಗೆ ಅದು ಒಳ್ಳೆ ಗಟ್ಟಿಮುಟ್ಟಾದ ಹೆಣ್ಣು ಬೆಕ್ಕಾಗಿತ್ತು. ಅಟ್ಟದ ಇಲಿಗಳನ್ನು ಎಂದೋ ಮುಗಿಸಿತ್ತು. ಈಗ ಹಿತ್ತಿಲ ಬಿದಿರು ಮೆಳೆ, ಅದರಾಚೆಯ ಗದ್ದೆ, ಎಲ್ಲವೂ ಅದರದೇ ಸೀಮೆ. ಅಲ್ಲಿಂದ ಬೇಟೆ ಹಿಡಿದು ಬಚ್ಚಲಿನ ಕಿಂಡಿಯಿಂದ ಒಳಗೆ ತರುವುದು, ತಂದು ನಮ್ಮೆದುರಿಗೆ ಬಿಡುವುದು. ಕೊಂದು ತಂದಿದ್ದರೆ ಬೇರೆ ಮಾತು. ನೂರಕ್ಕೆ ತೊಂಬತ್ತು ಪಾಲು ಜೀವಂತ! ಬಾಯಿ ತೆರೆದು ಬಿಟ್ಟು, ತಾನು ಎರಡು ಹೆಜ್ಜೆ ಹಿಂದೆ ಕೂತು, ಈಗ ನೀವು ಹಿಡೀರಿ ನೋಡೋಣ ಅನ್ನುವ ಹಾಗೆ ನಮ್ಮ ಮುಖ ನೋಡುತ್ತಿತ್ತು.

ಏನೆಲ್ಲ ತಂದಿಲ್ಲ ಅದು! ಹೊಟ್ಟೆ ಬೆಳ್ಳಗಿರುವ ಗದ್ದೆಯಿಲಿ. ಬಿದಿರಿನ ಮೇಲೆ ವಾಸ ಮಾಡುವ, ಮೈಗಿಂತ ಬಾಲವೇ ಉದ್ದವಿರುವ ಸಣ್ಣ ಇಲಿ. ಅದು ಗೋಡೆಗೆ ತೂಗಿದ ಪಂಚಾಂಗ ಹತ್ತಿ ಕೂತರೆ ಇಳಿಯುವುದೇ ಇಲ್ಲ. ಚೂಪು ಮೂತಿಯ ಸೊಂಡಿಲಿ, ಮುಟ್ಟಿದ ಕೈ ಸೀಗೆ ಹಾಕಿ ತೊಳೆದರೂ ನಾರುತ್ತದೆ. ಒಮ್ಮೆ ಹೆಗ್ಗಣದ ಮರಿ ತಂದಿತ್ತು. ಅದು ಬೆಕ್ಕಿಗೇ ಹಲ್ಲು ಕಿರಿದು ನಿಂತಿತು, ಬೆಕ್ಕು ನನಗೇನು ಗೊತ್ತಿಲ್ಲಪ್ಪ ಎಂದು ಮೈ ನೆಕ್ಕಿಕೊಳ್ಳತೊಡಗಿತು. ಅತ್ತೆ ಒಲೆಕಟ್ಟೆ ಹತ್ತಿ, "ಅಯ್ಯೋ ಬಂತು, ಬಂತು, ಸೀರೆ ಒಳಗೆ ಬಂತು!" ಅಂತ ಕೂಗುತ್ತಿದ್ದರು. ಕೊಲ್ಲುವಂತಿಲ್ಲ. ಹಾಗಂತ ಗಣಪತಿಗಳ ನಡುವೆ ಬಿಡುವಂತೆಯೂ ಇಲ್ಲ. ಕೊನೆಗೆ ನಾನೇ ಸೇರು ಹಿಡಿದೆ.

ಸೇರಿನೊಳಗೆ ಇಲಿ, ಅಡಿಯಲ್ಲಿ ರಟ್ಟು, ತಲೆಯ ಮೇಲೆ ಮಳೆಗೆ ಗೊರಬು, ಹೀಗೆ ಗದ್ದೆಯಂಚಿಗೆ ಹೋಗಿ ಬಿಟ್ಟು ಬರುವುದು ನನ್ನ ದಿನಚರಿಯೇ ಆಯಿತು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ, "ಇವತ್ತು ಯಾರ್ನ ಕಳ್ಸಿ ಬಂದ್ರಿ? ಗಂಡೋ ಹೆಣ್ಣೋ?" ಅಂತ ಕೇಳಿ ನಗುತ್ತಿದ್ದಳು. ನಗಲಿ. ಬಿಡುವ ಮುಂಚೆ ನಾನು ರಟ್ಟು ಸರಿಸಿ ಒಂದು ಸಲ ಒಳಗೆ ನೋಡುತ್ತಿದ್ದೆ. ಹೆದರಿದ ಇಲಿ ಹೇಗೆ ಮುದುಡುತ್ತದೆ, ಕಿವಿ ಎಲ್ಲಿಂದ ಏಳುತ್ತದೆ, ಮುಂಗಾಲನ್ನು ಎದೆಗೆ ಹೇಗೆ ಒತ್ತಿಕೊಂಡಿರುತ್ತದೆ, ಎಲ್ಲ ಕಣ್ಣಿಗೆ ಕಟ್ಟಿಹೋಯಿತು.

ಅದು ಉಪಯೋಗಕ್ಕೂ ಬಂತು. ಆ ಮನೆಯಲ್ಲಿ ಗಣಪತಿ ಗಂಡಸರ ಕೆಲಸ. ಮಣ್ಣು ಜರಡಿ ಹಿಡಿಯುವುದು, ಹತ್ತಿ ಸೇರಿಸಿ ಕುಟ್ಟಿ ಹದ ಮಾಡುವುದು, ಗಣಪತಿಯ ಪಾದದ ಬಳಿ ಕೂರಿಸುವ ಪುಟ್ಟ ಇಲಿ ಮಾಡುವುದು ಹೆಂಗಸರದು. ಅಷ್ಟು ವರ್ಷ ಅತ್ತೆ ಮಾಡುತ್ತಿದ್ದ ಇಲಿಗಳು ಬದನೆಕಾಯಿಗೆ ಬಾಲ ಅಂಟಿಸಿದ ಹಾಗಿರುತ್ತಿದ್ದವು. ಪಾಪ, ಅವರು ಇಲಿ ನೋಡಿದ್ದೆಲ್ಲ ಒಲೆಕಟ್ಟೆಯ ಮೇಲಿಂದ. ನಾನು ಮಾಡಿದ ಇಲಿಗಳನ್ನು ಕಂಡವರು, "ಇದು ಈಗ ಓಡ್ತದೆ ನೋಡಿ" ಅಂತ ಬೆರಳಲ್ಲಿ ಮುಟ್ಟಿ ನೋಡುತ್ತಿದ್ದರು. ಮಾವ ಹೊಗಳಲಿಲ್ಲ. ಹೊಗಳುವ ಜನವೇ ಅಲ್ಲ. ಆದರೆ ಆ ವರ್ಷ ಎಲ್ಲ ಇಲಿಗಳನ್ನೂ ನನಗೇ ಬಿಟ್ಟರು.

ಎಡವಟ್ಟಾಗಿದ್ದು ಪೇಟೆ ಗಣಪತಿಯಿಂದ. ಮನೆಗಳಿಗೆ ಕೊಡುವ ಸಣ್ಣ ಗಣಪತಿಗಳನ್ನು ಆಯಾ ಮನೆಯವರು ತಂದುಕೊಟ್ಟ ಮಣೆಯ ಮೇಲೆ ಮಾಡುತ್ತಿದ್ದೆವು. ಪೇಟೆಯವರೆಲ್ಲ ಸೇರಿ ಕೂರಿಸುವುದು ಮಾತ್ರ ಆಳೆತ್ತರದ್ದು. ಅಷ್ಟು ದೊಡ್ಡದಕ್ಕೆ ಒಳಗೆ ಹುಲ್ಲಿನ ಕಟ್ಟು ಕಟ್ಟಿ, ಅದರ ಮೇಲೆ ಮಣ್ಣು ಮೆತ್ತಬೇಕು. ಒಳಗಿನ ಪಸೆ ಆರಲಿ ಅಂತ ಬೆನ್ನ ಹಿಂದೆ ಒಂದು ಗೇಣು ಜಾಗ ಮುಚ್ಚದೆ ಬಿಟ್ಟಿರುತ್ತಾರೆ.

ಒಂದು ಮಧ್ಯಾಹ್ನ ಪೇಟೆಯ ಅಂಗಡಿ ಯಜಮಾನರೊಬ್ಬರು ಕೆಲಸ ಎಲ್ಲಿಗೆ ಬಂತು ಅಂತ ನೋಡಲು ಬಂದಿದ್ದರು. ಅದೇ ಹೊತ್ತಿಗೆ ನಮ್ಮ ಬೆಕ್ಕು ಬಚ್ಚಲ ಕಡೆಯಿಂದ ಬಂದು, ಬಾಯಲ್ಲಿದ್ದ ದಪ್ಪ ಗದ್ದೆಯಿಲಿಯನ್ನು ಪಡಸಾಲೆಯ ನಡುವೆ ಬಿಟ್ಟಿತು. ಇಲಿ ನೆಟ್ಟಗೆ ಓಡಿ ಪೇಟೆ ಗಣಪತಿಯ ಪಾದದ ಬಳಿ, ಮಣ್ಣಿನ ಇಲಿ ಕೂರಬೇಕಾದ ಜಾಗದಲ್ಲೇ ಹೋಗಿ ನಿಂತಿತು. ಹಿಂಗಾಲ ಮೇಲೆ ಕೂತು, ಮುಂಗಾಲು ಜೋಡಿಸಿಕೊಂಡು. ಮೂಲೆ ಸಿಕ್ಕಿದರೆ ಇಲಿ ನಿಲ್ಲುವುದೇ ಹಾಗೆ, ಹೇಳಿದೆನಲ್ಲ.

ಯಜಮಾನರು ಚಪ್ಪಲಿ ಕಳಚಿ ಕೈ ಮುಗಿದರು. "ಏನ್ರೀ ಇದು! ಸಾಕ್ಷಾತ್ ವಾಹನವೇ ಬಂದು ಕೂತಿದೆಯಲ್ರೀ!"

ಮಾವನ ಕಣ್ಣಲ್ಲಿ ನೀರು. ಅವರೂ ಕೈ ಮುಗಿದರು.

ನಾನು ಸೇರು ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ಮಾವ, ಅದು ಗದ್ದೆಯಿಲಿ. ಬೆಕ್ಕು ಈಗಷ್ಟೇ ತಂದು ಬಿಟ್ಟಿದ್ದು. ಹಿಡ್ದು ಹೊರಗೆ ಬಿಟ್ಟು ಬರ್ತೀನಿ" ಅಂದೆ.

"ಬಾಯ್ಮುಚ್ಚು. ಸೇರು ಒಳಗಿಡು. ಯಾರೂ ಅದನ್ನ ಮುಟ್ಬಾರ್ದು."

ಅತ್ತೆ ಒಳಗಿಂದ ಅಕ್ಷತೆ ತಂದು ದೂರದಿಂದಲೇ ಎರಚಿದರು. ಅಕ್ಷತೆ ಬಿದ್ದ ಸದ್ದಿಗೆ ಇಲಿ ಬೆಚ್ಚಿ, ಗಣಪತಿಯ ಬೆನ್ನ ಹಿಂದೆ ಓಡಿ, ಆ ಗೇಣು ಜಾಗದಿಂದ ಹುಲ್ಲಿನೊಳಗೆ ಸೇರಿಕೊಂಡಿತು. ಯಜಮಾನರು ಪೇಟೆಯಲ್ಲೆಲ್ಲ ಸುದ್ದಿ ಮಾಡಿದರು. ನಾಲ್ಕಾರು ಜನ ನೋಡಿ ಹೋಗಲು ಬಂದರು. ಅಂದಿನಿಂದ ದಿನಾ ರಾತ್ರಿ ಗಣಪತಿಯ ಕಾಲ ಬಳಿ ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ ಇಡುವುದು ಶುರುವಾಯಿತು. ಬೆಳಗಾದರೆ ಮಾಯ. ಅತ್ತೆಗೆ ಭಕ್ತಿ ಉಕ್ಕುತ್ತಿತ್ತು. ನನಗೆ ನಗು ತಡೆದು ತಡೆದು ಹೊಟ್ಟೆ ನೋಯುತ್ತಿತ್ತು. ಬೆಚ್ಚಗಿನ ಹುಲ್ಲು, ಕೂತಲ್ಲಿಗೆ ಕೊಬ್ಬರಿ, ಕೊಲ್ಲುವವರಿಲ್ಲ. ಯಾವ ಇಲಿ ಗದ್ದೆಗೆ ವಾಪಸ್ಸು ಹೋಗುತ್ತದೆ ಹೇಳಿ? ಬೆಕ್ಕು ದಿನವಿಡೀ ಗಣಪತಿಯ ಬೆನ್ನ ಹಿಂದೆ ಕಾದು ಕೂರತೊಡಗಿತು. ಮಾವ ಅದನ್ನು ಹಿಡಿದು ಬಚ್ಚಲಿಗೆ ಹಾಕಿ, ಕಿಂಡಿಗೆ ಕಲ್ಲಿಟ್ಟು ಚಿಲಕ ಜಡಿದರು.

ಚೌತಿಗೆ ಇನ್ನು ಎರಡು ವಾರವಷ್ಟೇ ಇದ್ದಾಗ ಒಂದು ಬೆಳಿಗ್ಗೆ ಪಡಸಾಲೆಯಲ್ಲಿ ದೊಪ್ಪೆಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಪೇಟೆ ಗಣಪತಿಯ ಹೊಟ್ಟೆಯ ಒಂದು ಪಾಲು ಕಳಚಿ ನೆಲಕ್ಕೆ ಬಿದ್ದಿದೆ. ಒಳಗಿನ ಕಟ್ಟು ತುಂಡು ತುಂಡು. ಪುಡಿಯಾದ ಹುಲ್ಲಿನ ಗೂಡಿನಲ್ಲಿ ಕಣ್ಣು ಬಿಡದ ಕೆಂಪು ಮರಿಗಳು, ಒಂದರ ಮೇಲೊಂದು ಬಿದ್ದು ಮಿಜಿಗುಡುತ್ತಿವೆ. ತಾಯಿ ಇಲಿ ನಮ್ಮನ್ನು ನೋಡಿ ಗಣಪತಿಯ ತೊಡೆಯೊಳಗೆ ನುಗ್ಗಿತು.

ತೊಡೆಯ ಕೆಳಗೆ ಸೇರು ಒಡ್ಡಿ ತಾಯಿಯನ್ನು ಹಿಡಿದು, ಮರಿಗಳನ್ನು ಗೂಡು ಸಮೇತ ಅಕ್ಕಿ ಗೇರುವ ಗೆರಸಿಯಲ್ಲಿಟ್ಟುಕೊಂಡು, ಎಲ್ಲವನ್ನೂ ಬಿದಿರು ಮೆಳೆಯ ಬುಡಕ್ಕೆ ಸೇರಿಸಿ ಬಂದವಳು ನಾನೇ. ಬರುವಷ್ಟರಲ್ಲಿ ಮಾವ ತೀರ್ಪು ಕೊಟ್ಟಾಗಿತ್ತು.

"ಇದೆಲ್ಲ ಆ ಬೆಕ್ಕಿಂದ. ಆ ಹಾಳು ಪ್ರಾಣಿ ತಂದು ಒಳಗೆ ಹಾಕ್ತು, ನನ್ನ ಕೆಲಸ ಹಾಳಾಯ್ತು."

ನನಗೆ ತಡೆಯಲಾಗಲಿಲ್ಲ. "ಬೆಕ್ಕು ತಂತು, ಹೌದು. ಅಕ್ಷತೆ ಹಾಕಿ ಇರಿಸ್ಕೊಂಡೋರು ಯಾರು ಮಾವ?"

ಅತ್ತೆಯ ಕೈಯಲ್ಲಿದ್ದ ಚೊಂಬು ಠಣ್ಣೆಂದು ಕೆಳಗೆ ಬಿತ್ತು. ಆ ಮನೆಯಲ್ಲಿ ಮಾವನಿಗೆ ಯಾರಾದರೂ ಎದುರು ಮಾತಾಡಿದ್ದು ಅದೇ ಮೊದಲಿರಬೇಕು. ಮಾವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆಗೆ ಹೇಳಿದರು, "ನಾಳೆ ಹೊಳೆ ದಾಟಿಸಿ ಬರ್ತೀನಿ."

ಬೆಕ್ಕನ್ನು ಕೊಂದರೆ ಮಹಾಪಾಪ, ಚಿನ್ನದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ತೀರದು ಅನ್ನುತ್ತಾರೆ. ಅದಕ್ಕೇ ಬೇಡವಾದ ಬೆಕ್ಕನ್ನು ಗೋಣಿಯಲ್ಲಿ ಹಾಕಿ ಹೊಳೆಯಾಚೆ ಬಿಟ್ಟು ಬರುವುದು ನಮ್ಮಲ್ಲಿ ರೂಢಿ. ನೀರು ದಾಟಿದ ಬೆಕ್ಕಿಗೆ ವಾಪಸ್ಸು ದಾರಿ ಸಿಗುವುದಿಲ್ಲವಂತೆ. ಅತ್ತೆಯ ಮುಖ ಬಾಡಿದ್ದು ನೋಡಿಯೋ ಏನೋ ಮಾವ ಇನ್ನೊಂದು ಮಾತು ಸೇರಿಸಿದರು. "ನಿನ್ನ ತಮ್ಮನ ಮನೇಲೇ ಬಿಟ್ಟು ಬರ್ತೀನಿ. ಅಲ್ಲಿ ಇದ್ಕೊಳ್ಲಿ."

ಅತ್ತೆಯ ತವರು ಹೊಳೆಯಾಚೆ, ತುಮರಿ ಕಡೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತ ಮೇಲೆ ಅವರು ಆ ಕಡೆ ಹೋಗಿಯೇ ಇರಲಿಲ್ಲ. ಯಾವುದೋ ಮದುವೆಯ ಊಟದಲ್ಲಿ ಮಾವನಿಗೆ ಎರಡನೇ ಸಲ ಪಾಯಸ ಬಡಿಸಲಿಲ್ಲವಂತೆ. ಅದಕ್ಕೆ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಅಂತ ಇವರ ಹಠ. ಇವರು ಹೋಗದಿದ್ದರೆ ಅತ್ತೆಯೂ ಹೋಗುವಂತಿಲ್ಲ. ಅಂಥ ಮಾವ ತಾನಾಗಿ ತಮ್ಮನ ಮನೆಗೆ ಹೋಗುತ್ತೇನೆ ಅಂದದ್ದಕ್ಕೆ ಅತ್ತೆಯ ಮುಖ ಊರಗಲವಾಯಿತು. ನನಗೆ ಬೆಕ್ಕಿನ ಸಂಕಟ, ಅವರಿಗೆ ತವರಿನ ಸಂತೋಷ.

ಮರುದಿನ ಬೆಳಿಗ್ಗೆ ನಾನು ಮುಂಬಾಗಿಲಿಗೆ ಅಡ್ಡ ನಿಂತೆ. ಬೆಕ್ಕು ಬಚ್ಚಲಲ್ಲಿತ್ತು. "ದಾರಿ ಬಿಡು" ಅಂದರು ಮಾವ. ನಾನು ಕದಲಲಿಲ್ಲ. ಅವರು ಒಳಗೆ ತಿರುಗಿದರು. ಸ್ವಲ್ಪ ಹೊತ್ತಿಗೆ ಹಿತ್ತಿಲ ಕಡೆಯಿಂದ ಗೋಣಿಯೊಳಗಿನ ಕೂಗು ಕೇಳಿಸಿತು. ಬಚ್ಚಲ ಬಾಗಿಲಿಂದ ಹೊರಗೆ ಹೋಗಿದ್ದರು. ನಾನು ಬರಿಗಾಲಲ್ಲಿ ರಸ್ತೆಯ ತನಕ ಓಡಿದೆ. ಬಸ್ಸು ಹೊರಟಿತ್ತು. ಸಿಟ್ಟಿಗೆ ಅಳು ಬಂತು, ಅತ್ತೆ ನೋಡಬಾರದೆಂದು ಬೇಲಿಯ ಹತ್ತಿರ ನಿಂತು ಅತ್ತು ಮುಗಿಸಿ ಒಳಗೆ ಬಂದೆ.

ಸಂಜೆ ಮಾವ ತಿರುಗಿ ಬಂದಾಗ ಅತ್ತೆ ಕಾಲಿಗೆ ಬಿಸಿನೀರು ಕೊಟ್ಟು, ಚಾ ಕೊಟ್ಟು, ಎದುರಿಗೇ ಕೂತರು.

"ತಮ್ಮ ಹೇಗಿದಾನೆ?"

"ಇದಾನೆ, ಚೆನ್ನಾಗಿದಾನೆ."

"ನನ್ನ ಕೇಳಿದ್ನಾ?"

"ಹ್ಞೂಂ, ಕೇಳ್ದ."

"ಊಟ ಹಾಕಿದ್ರಾ?"

"ಹಾಕಿದ್ರು. ಪಾಯಸ ಎರಡೆರಡು ಸಲ ಬಡಿಸಿದ್ರು."

ಅತ್ತೆ ಆ ರಾತ್ರಿಯಿಂದ ಕೆಲಸ ಮಾಡುತ್ತ ಮಾಡುತ್ತ ಗುನುಗತೊಡಗಿದರು. ಅವರು ಹಾಗೆ ಗುನುಗಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಮರುದಿನ ಮಾವ ಹದ ಮಾಡಿದ ಮಣ್ಣಿನ ಮುದ್ದೆಯನ್ನು ನನ್ನ ಕಡೆ ತಳ್ಳಿ, ಇಲಿಗಳು ಇನ್ನೂ ಬಾಕಿ ಇದ್ದಾವೆ ಅಂದರು. ಸಣ್ಣ ಗಣಪತಿಗಳು ಸಾಲಾಗಿ ಕೂತಿದ್ದವು, ಹೆಚ್ಚಿನವುಗಳ ಬುಡದಲ್ಲಿ ಇನ್ನೂ ಇಲಿಯಿರಲಿಲ್ಲ. ನಾನು ಮಣ್ಣಿನ ಮುದ್ದೆಯನ್ನು ವಾಪಸ್ಸು ತಳ್ಳಿದೆ.

"ಬೆಕ್ಕಿಲ್ಲದಿದ್ರೆ ಇಲಿಯೂ ಇಲ್ಲ ಮಾವ."

"ಎಂತ ಅಂದೆ?"

"ಅಡುಗೆ ಮಾಡ್ತೀನಿ, ನೀರು ಹೊರ್ತೀನಿ, ಮಣ್ಣು ಕುಟ್ಟಿ ಕೊಡ್ತೀನಿ. ಇಲಿ ಮಾಡೋದಿಲ್ಲ. ಬೆಕ್ಕು ಬರ್ಲಿ, ಮಾಡ್ತೀನಿ."

ಕೂಗಾಡಿದರು. ಮೂರು ಮನೆಗೆ ಕೇಳುವ ಹಾಗೆ ಕೂಗಾಡಿದರು. ನನ್ನ ಅಪ್ಪನಿಗೆ ಹೇಳಿ ಕಳಿಸುತ್ತೇನೆ ಅಂದರು. "ಕಳ್ಸಿ, ಬೆಕ್ಕು ಅವರ ಮನೇದೇ" ಅಂದೆ. ಭಾನುವಾರ ಬಂದ ಗಂಡನಿಗೆ ಅಪ್ಪ ಒಂದು ಕಡೆ, ಹೆಂಡತಿ ಒಂದು ಕಡೆ. "ಅಪ್ಪನ ಎದುರು ನಾ ಎಂತ ಹೇಳ್ಲಿ ಮಾರಾಯ್ತಿ" ಅಂತ ಬಟ್ಟೆ ಗಂಟು ಕಟ್ಟಿಕೊಂಡು ಮಧ್ಯಾಹ್ನದ ಬಸ್ಸಿಗೇ ಹೋದ. ಹೋಗಲಿ ಬಿಡಿ. ಅವನಿಂದ ಸಹಾಯ ಬೇಕು ಅಂತ ನಾನೂ ಕೂತಿರಲಿಲ್ಲ.

ಅತ್ತೆಗೆ ಆ ವರ್ಷ ಕೈಬೆರಳಿನ ಗಂಟು ಊದಿಕೊಂಡಿತ್ತು, ಮಣ್ಣು ಹಿಡಿಯಲಾಗುತ್ತಿರಲಿಲ್ಲ. ಮಾವ ತಾನೇ ಇಲಿ ಮಾಡಲು ಕೂತರು. ಗಂಧದ ಹಲಗೆಯಲ್ಲಿ ಆನೆ, ನವಿಲು, ಬಳ್ಳಿ, ಏನು ಬೇಕಾದರೂ ಬಿಡಿಸುವ ಕೈ. ಆದರೆ ಇಲಿ ಬರಲೊಲ್ಲದು. ಒಂದಕ್ಕೆ ಹಂದಿಯ ಕುತ್ತಿಗೆ, ಇನ್ನೊಂದಕ್ಕೆ ಮೊಲದ ಕಿವಿ. ಮಣೆ ತಂದುಕೊಟ್ಟಿದ್ದ ಮನೆಯ ಹೆಂಗಸೊಬ್ಬಳು ಬಂದು ನೋಡಿ, "ಈ ಸಲ ಗಣಪತಿ ವಾಹನ ಬದಲಾಯಿಸಿದಾನಾ?" ಅಂದಳು. ನಾನು ಒಳಗಿಂದ ಕೇಳಿಸಿಕೊಂಡು ಬಾಯಿಗೆ ಸೆರಗು ತುರುಕಿಕೊಂಡೆ. ಅವಳು ಹೋದ ಮೇಲೆ ಮಾವ ಮಾಡಿದ್ದನ್ನೆಲ್ಲ ಅಮುಕಿ ಮುದ್ದೆ ಮಾಡಿ ಎಸೆದರು.

"ಅಷ್ಟು ಬೇಕಾದ್ರೆ ಹೋಗಿ ತಗೊಂಡ್ಬಾ! ತುಮರೀಲಿದೆ ನಿನ್ನ ಬೆಕ್ಕು. ಹೋಗು, ಒಬ್ಳೇ ಹೋಗು!" ಅಂದರು.

ಒಬ್ಬಳೇ ಹೋಗಲಾರಳು ಅನ್ನುವ ಧೈರ್ಯದಲ್ಲಿ ಅಂದ ಮಾತು. ನಮ್ಮ ಬೀದಿಯಲ್ಲಿ ಸೊಸೆಯಂದಿರು ಇಲ್ಲೇ ಹತ್ತಿರದ ವರದಹಳ್ಳಿಗೆ ಹೋಗಬೇಕಾದರೂ ಹಿಂದೊಬ್ಬರು ಮುಂದೊಬ್ಬರು ಇರಬೇಕಿತ್ತು. "ಆಯ್ತು" ಅಂದೆ. ಬೆಳಿಗ್ಗೆ ಬೇಗ ಅಡುಗೆ ಮುಗಿಸಿ, ಬೆತ್ತದ ಬುಟ್ಟಿ ಹಿಡಿದು ಹೊರಟೆ. ಮಾವ ಬಾಯಿ ತೆರೆದರು, ಏನೋ ಹೇಳಲು ಹೋಗಿ ನಿಲ್ಲಿಸಿದರು. ಆಗ ನನಗೆ ಅದರ ಅರ್ಥ ಆಗಲಿಲ್ಲ. ಅತ್ತೆ ಹಿಂದಿಂದ ಬಂದು ಬುಟ್ಟಿಯಲ್ಲಿ ಒಂದು ಪೊಟ್ಟಣ ಇಟ್ಟರು. "ಕೋಡುಬಳೆ. ತಮ್ಮಂಗೆ ಕೊಡು. ಅವಂಗೆ ಇಷ್ಟ."

ಬಸ್ಸಿಳಿದು, ಹಿನ್ನೀರು ದಾಟಿಸುವ ಲಾಂಚಿನ ಹತ್ತಿರ ನಿಂತಾಗ ಹೆದರಿದೆ, ಸುಳ್ಳು ಯಾಕೆ ಹೇಳಲಿ. ನಾನು ಕಂಡಿದ್ದು ತುಂಗೆಯನ್ನು. ಅದಕ್ಕೆ ಆಚೆ ದಡ ಅಂತ ಒಂದಿತ್ತು. ಇಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ನೀರು, ನಡುನಡುವೆ ಎದ್ದು ನಿಂತ ಒಣಮರಗಳ ತಲೆ. ಲಾಂಚಿನಲ್ಲಿದ್ದ ಗಂಡಸರು ಒಂಟಿ ಹೆಂಗಸು, ಕೈಯಲ್ಲಿ ಖಾಲಿ ಬುಟ್ಟಿ ಅಂತ ಗುರಾಯಿಸಿ ನೋಡಿದರು. ನಾನೂ ಗುರಾಯಿಸಿದೆ. ಅವರೇ ಮುಖ ತಿರುಗಿಸಿಕೊಂಡರು.

ಕೇಳಿ ಕೇಳಿ ಅತ್ತೆಯ ತಮ್ಮನ ಮನೆ ಹುಡುಕಿದೆ. ಇಂಥವರ ಸೊಸೆ ಅಂದ ಕೂಡಲೇ ಅವರು ಅಂಗಳಕ್ಕೆ ಇಳಿದು ಬಂದರು, ಕೈಯಿಂದ ಬುಟ್ಟಿ ಇಸಿದುಕೊಂಡರು. ಬೆಕ್ಕು ಒಯ್ಯಲು ಬಂದೆ ಅಂದೆ.

"ಬೆಕ್ಕಾ? ಯಾವ ಬೆಕ್ಕು?" ಅಂದರು. "ಭಾವ ಈ ಕಡೆ ಕಾಲಿಟ್ಟು ಎಷ್ಟು ವರ್ಷ ಆಯ್ತು!"

ನನಗೆ ಬೆಕ್ಕಿನ ಚಿಂತೆ ಒಂದು ಕಡೆ. ಹಿಂದಿನ ವಾರವಿಡೀ ಗುನುಗುತ್ತಿದ್ದ ಅತ್ತೆಯ ಮುಖ ಇನ್ನೊಂದು ಕಡೆ. ಅತ್ತೆಯ ತಮ್ಮ ಕೋಡುಬಳೆ ಪೊಟ್ಟಣ ಬಿಚ್ಚಿ, ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಅಗಿಯುವುದನ್ನೇ ಮರೆತು ಕೂತರು. ಆಮೇಲೆ ನನ್ನನ್ನು ಅಂಗಳದ ತುದಿಗೆ ಕರೆದುಕೊಂಡು ಹೋಗಿ ಕೆಳಗೆ ತೋರಿಸಿದರು. "ಹಳೇ ಮನೆ ಅಲ್ಲಿತ್ತು, ಆ ನೀರಾಗೆ. ಅಕ್ಕ ಹುಟ್ಟಿದ್ದು ಅಲ್ಲೇ. ಇದು ಆಮೇಲೆ ಕಟ್ಟಿದ್ದು. ಅಕ್ಕ ಈ ಮನೆ ನೋಡೇ ಇಲ್ಲ. ಬರೋದಿಲ್ವಾ ಅವಳು?"

"ಕೇಳ್ತೀನಿ" ಅಂದೆ.

ಬೆಕ್ಕು ಸಿಕ್ಕಿದ್ದು ತಿರುಗಿ ಹೊರಟಾಗ, ಅದೇ ದಡದಲ್ಲಿ ಲಾಂಚು ನಿಲ್ಲುವಲ್ಲಿ, ಚಾ ಅಂಗಡಿಯ ಜಗಲಿಯ ಮೇಲೆ. ಒಂದು ಕಿವಿ ಹರಿದಿತ್ತು, ಉಳಿದಂತೆ ದುಂಡಗೇ ಇತ್ತು. ನನ್ನ ದನಿ ಕೇಳಿ ಎದ್ದು ಬಂದು ಕಾಲಿಗೆ ಮೈ ಉಜ್ಜಿತು. ಅಂಗಡಿಯಾಕೆ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ನಿಮ್ದಾ? ಯಾರೋ ಹಿರೇರು ಇಲ್ಲೇ ಗೋಣಿ ಬಿಚ್ಚಿ ಬಿಟ್ಟು, ಅದೇ ಲಾಂಚಲ್ಲಿ ಕೂತು ವಾಪಸ್ ಹೋದ್ರು. ಒಂದು ಚಾ ಕೂಡ ಕುಡೀಲಿಲ್ಲ. ಇದು ದಿನಾ ಇಲಿ ತಂದು ಅಂಗಡಿ ಒಳಗೆ ಬಿಡ್ತದೆ ಮಾರಾಯ್ತಿ. ತಗೊಂಡು ಹೋಗು, ಪುಣ್ಯ ಬರ್ತದೆ!"

ವಾಪಸ್ಸು ಬರುವ ದಾರಿಯುದ್ದಕ್ಕೂ ಯೋಚಿಸಿದೆ. ಅತ್ತೆಗೆ ಹೇಳಬೇಕಾ, ಬೇಡವಾ? ಅವರ ಸಂತೋಷ ಯಾಕೆ ಹಾಳು ಮಾಡಲಿ ಅಂತ ಒಮ್ಮೆ ಅನಿಸಿತು. ಸುಳ್ಳು ಸಂತೋಷದ ಮೇಲೆ ಅವರನ್ನು ಇನ್ನೂ ಎಷ್ಟು ವರ್ಷ ಕೂರಿಸಿಡುವುದು ಅಂತ ಇನ್ನೊಮ್ಮೆ. ಸಾಗರ ಬರುವಷ್ಟರಲ್ಲಿ ಮನಸ್ಸು ಗಟ್ಟಿಯಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲಿಂದಲೇ ಒಳಗೆ ಹೋದೆ. ಮಾವ ಪೇಟೆ ಗಣಪತಿಯ ಹೊಸ ಹೊಟ್ಟೆಗೆ ಮಣ್ಣು ಮೆತ್ತುತ್ತಿದ್ದರು. ಬುಟ್ಟಿ ನೋಡಿ ಎದ್ದು ನಿಂತರು. "ಹೊಳೆ ದಾಟಿಸಿದ್ದನ್ನ ವಾಪಸ್ ತರಬಾರ್ದು" ಅಂದರು. ಆದರೆ ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ. ಅಷ್ಟರಲ್ಲಿ ಅತ್ತೆ ಒಳಗಿಂದ ಕೈ ಒರೆಸಿಕೊಳ್ಳುತ್ತ ಓಡಿ ಬಂದರು.

"ಬಂದ್ಯಾ? ತಮ್ಮ ಕೋಡುಬಳೆ ತಿಂದ್ನಾ? ಎಂತ ಅಂದ?"

ಮಾವ ನನ್ನನ್ನು ನೋಡಿದರು. ಆ ಮನೆಗೆ ಬಂದ ಮೇಲೆ ಅವರು ನನ್ನ ಮುಖವನ್ನು ನೆಟ್ಟಗೆ ನೋಡಿದ್ದು ಆವತ್ತೇ. ಹೇಳಬೇಡ ಅಂತ ಬೇಡುವ ಕಣ್ಣು. ನಾನು ಅತ್ತೆಯ ಕಡೆ ತಿರುಗಿದೆ.

"ಅತ್ತೆ, ಮಾವ ಅಲ್ಲಿಗೆ ಹೋಗೇ ಇಲ್ಲ. ಲಾಂಚಿನ ಹತ್ರ ಬೆಕ್ಕು ಬಿಟ್ಟು ಅಲ್ಲಿಂದ್ಲೇ ವಾಪಸ್ ಬಂದಿದಾರೆ. ನಿಮ್ಮ ತಮ್ಮ ಕೋಡುಬಳೆ ತಿಂದ್ರು. ಅಕ್ಕ ಬರೋದಿಲ್ವಾ ಅಂತ ಕೇಳಿದ್ರು."

ಅತ್ತೆ ಕೂಗಾಡಲಿಲ್ಲ, ಅಳಲೂ ಇಲ್ಲ. ಬಗ್ಗಿ ಬುಟ್ಟಿಯ ಮುಚ್ಚಳ ತೆಗೆದು, ಬೆಕ್ಕನ್ನು ತಾವೇ ಎತ್ತಿಕೊಂಡರು. ಅಷ್ಟು ದಿನ ಅದನ್ನು ಅವರು ಮುಟ್ಟಿಯೂ ಇರಲಿಲ್ಲ. ಮಾವನಿಗೆ ಬೆನ್ನು ಹಾಕಿ, "ಇದು ಇನ್ನು ಇಲ್ಲೇ ಇರ್ತದೆ" ಅಂದರು.

ಮಾವ ಮಣ್ಣಿನ ಮುದ್ದೆ ತೆಗೆದು ನನ್ನ ಮಣೆಯ ಮುಂದೆ ಇಟ್ಟು, ತಮ್ಮ ಕೆಲಸಕ್ಕೆ ತಿರುಗಿದರು. ನಾನು ಕೈಕಾಲು ತೊಳೆದು ಬಂದು ಕೂತು, ಆಡಿದ ಮಾತಿನಂತೆ ಇಲಿ ಮಾಡಲು ಶುರು ಮಾಡಿದೆ. ಅತ್ತೆ ಬೆಕ್ಕಿಗೆ ಹಾಲು ಹಾಕಿ ಬಂದು ನನ್ನ ಪಕ್ಕ ಕೂತರು. ಊದಿದ ಬೆರಳಲ್ಲಿ ಮಣ್ಣಿನ ಒಂದು ಚೂರು ಹಿಡಿದು ತಿರುಗಿಸುತ್ತಿದ್ದರು.

"ಅವನ ಮನೆ ಈಗ ಎಲ್ಲಿದೆ?" ಅಂದರು.

"ಮೇಲ್ಗಡೆ ಕಟ್ಟಿದಾರೆ. ಹಳೇದು ನೀರಲ್ಲಿ ಹೋಯ್ತಂತೆ."

"ಹಂಗಂದ್ರೆ ಹೊಳೆ ಹತ್ರದ ಕಾಲುದಾರಿ? ಆ ದೊಡ್ಡ ಹಲಸಿನ ಮರ?"

"ಯಾವುದೂ ಇಲ್ಲ ಅತ್ತೆ. ಎಲ್ಲ ನೀರು."

ಅವರು ತಲೆಯಾಡಿಸಿದರು. ಗಣಪತಿಯಾಚೆ ಮಾವನ ಕೈ ನಿಂತಿತ್ತು. ಅತ್ತೆ ಅವರಿಗೂ ಕೇಳಿಸುವ ಹಾಗೆ, ಆದರೆ ಅವರನ್ನು ಕೇಳದೆ, ನನಗೆ ಹೇಳಿದರು:

"ಚೌತಿ ಮುಗಿದ ಮಾರನೇ ದಿನ ಹೊರಡುವ. ನಂಗೆ ನನ್ನ ತವರಿಗೆ ದಾರಿ ಗೊತ್ತಿಲ್ಲ ಮಾರಾಯ್ತಿ, ನೀನು ತೋರ್ಸು."